ಶಾವಿಗೆ ಮಣೆಯ ಮುಂದೆ ಓದಿದ ಪುಸ್ತಕ

ಇವತ್ತು ಒಲೆ ಸಾರಿಸಿದೆ, ಶಾವಿಗೆಗೆ ಹಿಟ್ಟು ನಾದಿದೆ, ಅಟ್ಟದ ಮೇಲಿನ ಮಣೆ ಇಳಿಸಿ ತೊಳೆದೆ. ಅಷ್ಟೊತ್ತಿಗೆ ಹರಿಹರದಿಂದ ಬಂದ ನೆಂಟರಾಕೆ, ಅಕ್ಕೋರು ತೀರಿಹೋದರು ಅಂದಳು.

ಅಕ್ಕೋರ ತೋರುಬೆರಳಿಗೆ ಸದಾ ಕೆಂಪು ಶಾಯಿ. "ಒಂದೇ ಬೆರಳಿಗೆ ಮದರಂಗಿ ಹಚ್ಚೀರಲ್ರಿ" ಅಂತ ಕಾಡಿಸುತ್ತಿದ್ದೆವು. ನಮ್ಮ ನಿಟ್ಟುವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದವರು. ಬೇಸಿಗೆಯಲ್ಲಿ ಓಣಿಯ ಹೆಂಗಸರು ಸೇರಿ ಶಾವಿಗೆ ಹೊಸೆಯುವಾಗ ಬಂದು ಕೂತು ಕಾದಂಬರಿ ಓದುತ್ತಿದ್ದರು. ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ಕಥೆ ತಾನೇ ಹೇಳುವ ಪುಸ್ತಕ. ಅವಳು ಗಂಡನ ಮನೆ ಬಿಟ್ಟು ಬಸ್ಸು ಹತ್ತಿದ ದಿನ ನಮ್ಮ ಕೈಗಳೆಲ್ಲ ನಿಂತುಹೋದವು.

"ಇಷ್ಟೆಲ್ಲ ಕಷ್ಟ ಉಂಡೀರೇನ್ರಿ ಅಕ್ಕೋರೇ?" ಎದುರುಮನೆಯಾಕೆ ಕಣ್ಣೊರೆಸಿಕೊಂಡಳು.

"ನಾನಲ್ಲ ತಾಯಿ, ಪುಸ್ತಕದ ಹುಡುಗಿ" ಅಂತ ಅಕ್ಕೋರು ನಕ್ಕರು. ಪಕ್ಕದಲ್ಲೇ ಕೂತಿದ್ದ ನನ್ನ ಅತ್ತೆಯೂ ನಕ್ಕರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಂಟೇ ದಿನ. ಮದುವೆಯೇ ಆಗದ ಅಕ್ಕೋರಿಗೆ ಊರು ಒಬ್ಬ ಗಂಡನನ್ನು ಹುಟ್ಟಿಸಿ, ಅವನನ್ನು ಬಿಟ್ಟುಬಂದವಳು ಅಂತಲೂ ಮಾಡಿತು. ಶಾಲೆ ನಡೆಸುತ್ತಿದ್ದ ಹಿರಿಯರೊಬ್ಬರು, ಮಂಡಿಪೇಟೆಯ ವ್ಯಾಪಾರಿ, ನಮ್ಮ ಪಡಸಾಲೆಯಲ್ಲಿ ಕೂತು ವಿಚಾರಿಸಿದರು.

"ಹೌದ್ರಿ, ತನ್ನ ಬಾಯಿಂದಾನೇ ಅಂದ್ಲು. ಈ ಕಿವೀಲಿ ಕೇಳೀನಿ" ಅಂದರು ಅತ್ತೆ. ಮೊಮ್ಮಗಳನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಬ್ಯಾಡ್ರಿ ಅಂತ ಅಕ್ಕೋರು ಹೇಳಿದ್ದು ಅತ್ತೆಗೆ ಇನ್ನೂ ಉರಿಯುತ್ತಿತ್ತು.

ಅಕ್ಕೋರು ಬಿಟ್ಟುಹೋಗಿದ್ದ ಪುಸ್ತಕ ನಮ್ಮ ಅಕ್ಕಿ ಡಬ್ಬಿಯ ಮೇಲೇ ಇತ್ತು. ಹತ್ತು ಹೆಜ್ಜೆ. ತಂದು ಆ ಹಿರಿಯರ ಮುಂದಿಟ್ಟಿದ್ದರೆ ಸಾಕಿತ್ತು. ಅತ್ತೆ ಒಮ್ಮೆ ನನ್ನತ್ತ ನೋಡಿದರು, ನಾನು ಚಹಾ ಸೋಸುತ್ತ ನಿಂತೆ. ಅಕ್ಕೋರ ಕೆಲಸ ಹೋಯಿತು. ಓಣಿಯ ಒಬ್ಬರೂ ಅಲ್ಲ ಅನ್ನಲಿಲ್ಲ, ದಿನಾ ಕೇಳಿ ಅತ್ತವರೂ ಕೂಡ.

ಅಕ್ಕೋರು ಹರಿಹರಕ್ಕೆ ಹೊರಟ ದಿನ ಪುಸ್ತಕ ಕೊಡಲು ಹೋದೆ. "ನಿನ್ನ ಹತ್ರಾನೇ ಇರ್ಲಿ. ಆ ಹುಡುಗಿ ಮುಂದೇನಾದ್ಲು ಅಂತ ಈ ಓಣಿಯವರಿಗೆ ಗೊತ್ತೇ ಇಲ್ಲ ನೋಡು, ಓದಿ ಹೇಳು" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವರು ಮನೆಮನೆಗೆ ಹೋಗಿ ಪಾಠ ಹೇಳಿ ಬದುಕಿದರಂತೆ.

ಹನ್ನೊಂದು ಬೇಸಿಗೆ ಕಳೆದವು. ಇವತ್ತು ಮಣೆಯ ಮುಂದೆ ಅದೇ ಹೆಂಗಸರನ್ನು ಕೂರಿಸಿ, ನಿಂತ ಪುಟದಿಂದ ಓದಿದೆ. ಆ ಹುಡುಗಿ ಕೊನೆಗೆ ಟೀಚರಾಗುತ್ತಾಳೆ.

"ಯಾರ ಕಥೀನೇ ಇದು?" ಅತ್ತೆ ಕೇಳಿದರು.

"ಪುಸ್ತಕದ ಹುಡುಗೀದು ಅತ್ತೆ. ಅವತ್ತೂ ಅವಳದೇ. ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

ರಾತ್ರಿ ಶಾವಿಗೆ, ಬೆಲ್ಲದ ಹಾಲು. ಅತ್ತೆ ತಟ್ಟೆ ಸರಿಸಿ, ಗೋಡೆಗೆ ಮುಖ ಮಾಡಿ ಎಲ್ಲರಿಗಿಂತ ಮೊದಲು ಮಲಗಿದರು.