ಬೇಗ ಕುದುರಿದ ವ್ಯಾಪಾರ

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದವಳು ನಾನು. ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮನೆಯಲ್ಲಿ ಗಂಡಿದೆ ಎಂದು ಹೂ ಕೊಳ್ಳುವವರ ಬಾಯಿಂದಲೇ ತಿಳಿದುಕೊಂಡು ಮದುವೆ ದಲ್ಲಾಳಿಯಾದೆ. ಬೆಂಗಳೂರಿನಿಂದ ಇಬ್ಬರು ಹೆಂಗಸರು ಹುಡುಕಿಕೊಂಡು ಬಂದಾಗ ಸಂಬಂಧ ಕೇಳಲು ಬಂದಿದ್ದಾರೆ ಅಂದುಕೊಂಡೆ.

ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಸಂಘದವರಂತೆ, ಅವರು ಕೇಳಿದ್ದೇ ಬೇರೆ. ಶಿವನಿ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತೆರಡರ ಹುಡುಗಿಯನ್ನು ಮನೆಯವರು ಕೂಡಿಹಾಕಿದ್ದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದ್ದೇ ಅವಳ ತಪ್ಪು. ಒಟ್ಟಿಗೆ ಬಾಳುತ್ತೇವೆ, ರಕ್ಷಣೆ ಕೊಡಿ ಎಂದು ಇಬ್ಬರೂ ಪೊಲೀಸ್ ಠಾಣೆಗೆ ಹೋಗಿದ್ದರಂತೆ. ಠಾಣೆಯವರು ಬುದ್ಧಿ ಹೇಳಿ, ಅಪ್ಪನನ್ನು ಕರೆಸಿ ಒಪ್ಪಿಸಿದರು. ಅಪ್ಪ ಅವಳ ಫೋನ್ ಒಡೆದ. ಮಂತ್ರವಾದಿಯೊಬ್ಬನನ್ನು ಕರೆಸಿ ಅವಳ ಅಂಗೈ ಮೇಲೆ ಕರ್ಪೂರ ಉರಿಸಿದ. ಈಗ ಗಂಡು ಹುಡುಕುತ್ತಿದ್ದ.

ಅವಳನ್ನು ಹೊರಗೆ ತರಬೇಕು, ಆ ಮನೆಯೊಳಗೆ ಅನುಮಾನವಿಲ್ಲದೆ ಹೋಗಬಲ್ಲವರು ನೀವೊಬ್ಬರೇ ಅಂದರು. ನನ್ನ ಅನ್ನಕ್ಕೇ ಕಲ್ಲು ಹಾಕಬೇಡಿ ಎಂದು ಕಳಿಸಿದೆ. ಆಮೇಲೆ ಮನಸ್ಸು ಕೊರೆಯಿತು. ಇಷ್ಟು ಮದುವೆ ಮಾಡಿಸಿದ್ದೇನೆ, ನಿನಗೆ ಬೇಕೇನಮ್ಮಾ ಎಂದು ಒಬ್ಬ ಹುಡುಗಿಯನ್ನಾದರೂ ಕೇಳಿದ್ದೇನೆಯೇ? ಮರುದಿನ ನಾನೇ ಫೋನ್ ಮಾಡಿದೆ.

ಇಬ್ಬರಲ್ಲಿ ಚಿಕ್ಕವಳನ್ನು ಗಂಡಿನ ಅಕ್ಕನೆಂದು ಕರೆದುಕೊಂಡು ಹೆಣ್ಣು ನೋಡಲು ಹೋದೆ. ಹುಡುಗಿ ಕಾಫಿ ಲೋಟ ಕೊಡುವಾಗ ಸುಟ್ಟ ಅಂಗೈ ಕಂಡಿತು. ಹಿತ್ತಿಲಲ್ಲಿ ಇಬ್ಬರೂ ಮಾತಾಡಿಕೊಂಡರು. ಅಷ್ಟರಲ್ಲಿ ನಾನು, ಗಂಡಿನವರು ವಯಸ್ಸು ನೋಡಬೇಕಂತೆ ಎಂದು ಮಾರ್ಕ್ಸ್ ಕಾರ್ಡ್, ಆಧಾರ್ ಎರಡರ ಅಸಲನ್ನೇ ಅಪ್ಪನಿಂದ ಇಸಿದುಕೊಂಡೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ನನ್ನ ಮೊದಲ ಮಾತು ಇದೇ: ಮನುಷ್ಯರಿಗಿಂತ ಮೊದಲು ಕಾಗದ ಹೊರಗೆ ಬರಲಿ. ಬಟ್ಟೆ ಎಲ್ಲಾದರೂ ಸಿಗುತ್ತದೆ.

ಮದುವೆ ಸೀರೆಯನ್ನು ಹುಡುಗಿಯೇ ಆರಿಸಲಿ ಎಂದು ಕಡೂರಿಗೆ ಕರೆಸಿದೆ. ಜವಳಿ ಅಂಗಡಿಯ ಹಿಂದೆ ರವಿಕೆ ಹೊಲಿಯುವವನಿದ್ದಾನೆ, ಅವನ ಪಕ್ಕದ ಗಲ್ಲಿ ರಸ್ತೆಗೆ ಸೇರುತ್ತದೆ, ಅಲ್ಲಿ ಕಾರು. ಅಳತೆ ಕೊಡುವ ನೆಪದಲ್ಲಿ 'ಗಂಡಿನ ಅಕ್ಕ'ನ ಜೊತೆ ಅವಳು ಎದ್ದಳು. ಅಪ್ಪ ಅಂಗಡಿಯ ಬಾಗಿಲಲ್ಲಿ ಕೂತಿದ್ದ. ಒಳಗೆ ಅಮ್ಮನನ್ನು ಚೌಕಾಸಿಯಲ್ಲಿ ಅರ್ಧ ಗಂಟೆ ಹಿಡಿದಿಡುವುದು ನನ್ನ ಪಾಲು. ನನಗದು ಕಷ್ಟವೇ ಅಲ್ಲ, ಒಂದು ಸೀರೆಗೆ ಒಂದು ಗಂಟೆ ಜಗ್ಗುವವಳು.

ಅರ್ಧಕ್ಕರ್ಧ ಇಳಿಸಿ ಕೇಳಿದೆ. ಅಂಗಡಿಯವನು ನಕ್ಕ. "ತಗಳಿ ಅಕ್ಕ, ನಿಮ್ಮತ್ರ ಗೆದ್ದೋರುಂಟಾ? ನೀವು ಹೇಳಿದ್ದಕ್ಕೇ ಆಯ್ತು."

ಸೀರೆಯಲ್ಲಿ ತೂತಿದೆ ಅನ್ನಬಹುದಿತ್ತು, ಬಣ್ಣ ಬಿಡುತ್ತದೆ ಅನ್ನಬಹುದಿತ್ತು. ಒಳ್ಳೆಯ ದರ ಸಿಕ್ಕರೆ ಕೈ ಬಿಡದ ಹಾಳು ಅಭ್ಯಾಸ. ಯೋಚಿಸುವ ಮೊದಲೇ ಬಾಯಿಂದ "ಆಯ್ತು" ಎಂದು ಬಂದುಬಿಟ್ಟಿತು. ಮಗಳಿಗೆ ತೋರಿಸಿ ಬತ್ತೀನಿ ಎಂದು ಅಮ್ಮ ಸೀರೆ ಹಿಡಿದು ಹಿಂದಕ್ಕೆ ಹೋದಳು. ಅಳತೆಗೆ ಯಾರೂ ಬಂದಿಲ್ಲ ಅಂದ ದರ್ಜಿ.

ಅಮ್ಮ ಕೂಗಿಕೊಂಡಳು. ಗಲ್ಲಿಗೆ ಓಡಿದ ಅಪ್ಪ ಕಾರಿನ ಬಾಗಿಲ ಹತ್ತಿರವೇ ಅವಳ ಜಡೆ ಹಿಡಿದ. ಇವಳು ವಯಸ್ಸಿಗೆ ಬಂದವಳು, ಬಿಡಿ ಎಂದು ಬೆಂಗಳೂರಿನವರು ಅಡ್ಡ ನಿಂತರು. ಸೇರಿದ ಜನ ಮನೆ ವಿಷಯ ಬಿಡಿ ಎಂದು ಅವರನ್ನೇ ಪಕ್ಕಕ್ಕೆ ತಳ್ಳಿದರು. ಹುಡುಗಿ ಅಳಲಿಲ್ಲ. ಆಟೋಕ್ಕೆ ತುಂಬುವಾಗ ನನ್ನನ್ನು ನೋಡಿ ಒಂದೇ ಮಾತು ಹೇಳಿದಳು:

"ಕಾಗ್ದ ಕೊಡ್ಬೇಡ ಕಣಕ್ಕ."

ಈಗ ಆ ಇನ್ನೊಬ್ಬ ಹುಡುಗಿ, ಕೂಡಿಹಾಕಿದವಳನ್ನು ನ್ಯಾಯಾಧೀಶರ ಮುಂದೆ ತರಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಿದ್ದಾಳೆ. ನನ್ನನ್ನು ಶಿವನಿ, ಅಜ್ಜಂಪುರದ ಕಡೆ ಯಾರೂ ಮನೆಯೊಳಗೆ ಬಿಡುತ್ತಿಲ್ಲ. ಅಪ್ಪ ಕಾಗದ ಕೇಳಲು ಎರಡು ಸಲ ಬಂದ. ಮೊದಲ ಸಲ ಕಾಲು ಮುರೀತೀನಿ ಅಂದ. ಎರಡನೆಯ ಸಲ ಸುಮ್ಮನೆ ಕೂತು ನೀರು ಕೇಳಿದ.

"ಅವ್ಳೇ ಬಂದು ಕೇಳ್ಲಿ, ಕೊಡ್ತೀನಿ" ಅಂದೆ.

"ಅವ್ಳು ಇನ್ನೆಲ್ಲಿಗೂ ಬರಲ್ಲ ಬಿಡಕ್ಕ."

ಮೊದಲ ಸಲದ ಕೂಗಾಟಕ್ಕೆ ನಾನು ಹೆದರಿರಲಿಲ್ಲ, ಈ ಮಾತಿಗೆ ಅವಳ ಜೀವದ ಭಯ ಹತ್ತಿತು. ಅವನು ಬೀದಿ ದಾಟುವವರೆಗೂ ಕಾಯದೆ, ಅರ್ಜಿ ಹಾಕಿಸಿದ ವಕೀಲರಿಗೆ ಫೋನ್ ಮಾಡಿ, ಕಾಗದಗಳನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.