ನೆರಳಿಲ್ಲದ ಮಧ್ಯಾಹ್ನದ ಬೆನ್ನು ಹತ್ತಿ

ಬೆಳಗಿನ ಬಸ್ಸಿನಿಂದ ಚಿತ್ರದುರ್ಗದಲ್ಲಿ ಇಳಿದಾಗ ಆಕಾಶದ ತುಂಬ ಮೋಡ. ನಾನು ಬಂದದ್ದು ಬಿಸಿಲಿಗಾಗಿ. ಆಗಸ್ಟ್ ನಡುವೆ ದಕ್ಷಿಣಕ್ಕೆ ಸರಿಯುವ ಸೂರ್ಯ ಮೊದಲು ದುರ್ಗದ ನೆತ್ತಿಗೆ ಬರುತ್ತಾನೆ, ಮರುದಿನ ಹೊಳಲ್ಕೆರೆ, ಹಿರಿಯೂರು, ಆಮೇಲೆ ಹೊಸದುರ್ಗ. ಆ ನಡುಹಗಲು ನೆಟ್ಟಗೆ ನಿಂತದ್ದರ ನೆರಳು ಬುಡದಲ್ಲೇ ಅಡಗುತ್ತದೆ. ಇದನ್ನು ಶಾಲೆಗಳಲ್ಲಿ ತೋರಿಸಲು ದೇಶದ ಖಗೋಳ ವಿಜ್ಞಾನಿಗಳ ಸಂಘ ಸದಸ್ಯರನ್ನು ಊರೂರಿಗೆ ಕಳಿಸಿತ್ತು. ವರ್ಷವಿಡೀ ನಮ್ಮ ಪ್ರಬಂಧ ನಾವೇ ಓದಿ ನಾವೇ ಚಪ್ಪಾಳೆ ತಟ್ಟಿಕೊಳ್ಳುವ ಜನ ನಾವು. ಹೊರಗೆ ಅಟ್ಟಿದ್ದೇ ನನಗೆ ಖುಷಿ.

ದುರ್ಗದಲ್ಲಿ ಸೂರ್ಯ ಮುಖ ತೋರಿಸಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಿಂದು ಸಮಾಧಾನಪಟ್ಟೆ. ಮರುದಿನ ಹಿರಿಯೂರಿನಲ್ಲಿ ಸ್ವಾತಂತ್ರ್ಯ ದಿನದ ಬೂಂದಿ ಲಾಡು ಸಿಕ್ಕಿತು, ಜೊತೆಗೆ ತುಂತುರು ಮಳೆ.

ಹೊಸದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹರಿಯಬ್ಬೆಯ ರೈತರೊಬ್ಬರು, ನಾನು ಸಂಘದ ಕೆಲಸಕ್ಕೆ ಹೊರಟವನೆಂದು ತಿಳಿದು, ನಿಮ್ಮ ಸಂಘದಿಂದ ಏನು ಕೊಡುತ್ತೀರಿ ಎಂದು ಕೇಳಿದರು. ನೆರಳು ಮಾಯವಾಗುವುದನ್ನು ತೋರಿಸುತ್ತೇವೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರೋ ನೆರಳ್ನೂ ಕಿತ್ಕೊಳ್ತೀರೇನ್ರಿ?" ಎಂದರು. ಇಬ್ಬರೂ ನಕ್ಕೆವು. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಗಾಳಿ ಮೋಡ ಚದುರಿಸಲಿ ಎಂದುಕೊಂಡೆ.

ಹೊಸದುರ್ಗದ ಶಾಲೆಗೆ ನನ್ನನ್ನು ಕರೆಸಿದವರು ಶಾಹಿದಾ ಟೀಚರ್. ಹಿಂದಿನ ವರ್ಷ ಮೋಡ ಮುಸುಕಿ, ಮಕ್ಕಳ ಮುಂದೆ ಅವರ ಮಾತು ಸುಳ್ಳಾಗಿತ್ತಂತೆ. ಈ ಸಲವೂ ಆಗದಿದ್ದರೆ ಇನ್ನು ಪಾಠ ಬಿಡಿಸಿ ಅಂಗಳಕ್ಕೆ ಕರೆತರುವ ಹಾಗಿಲ್ಲ ಎಂದು ಶಾಲಾ ಸಮಿತಿಯ ಅಧ್ಯಕ್ಷ ರುದ್ರಪ್ಪನವರು ಹೇಳಿಬಿಟ್ಟಿದ್ದರು. "ನಿಮ್ ಸಂಘದ ಹೆಸ್ರಿಗೆ ಈ ಸಲ ಒಪ್ಯಾರೆ ಸಾರ್. ಮುಂದಕ್ಕೆ ಒಪ್ಪಲ್ಲ," ಎಂದರು ಟೀಚರ್, ಮೆಲ್ಲಗೆ.

ಹನ್ನೊಂದಕ್ಕೆ ಬಿಸಿಲು ಬಿತ್ತು. ನನಗೆ ಕುಣಿಯುವಷ್ಟು ಸಂತೋಷ. ಅಂಗಳಕ್ಕೆ ಬಂದು ನೋಡಿದರೆ ಈ ತುದಿಯಿಂದ ಆ ತುದಿಯವರೆಗೆ ಶಾಮಿಯಾನ! ದೂರದ ಅತಿಥಿ ಬಿಸಿಲಿಗೆ ಬಾಡಬಾರದೆಂದು ರುದ್ರಪ್ಪನವರು ಪ್ರೀತಿಯಿಂದ ಹಾಕಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬುದು ಸುಳ್ಳಲ್ಲ.

ಪ್ರಾರ್ಥನೆ, ಸ್ವಾಗತ, ಪರಿಚಯ ಮುಗಿಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ನೆರಳು ಅಡಗುವುದು ಹನ್ನೆರಡೂವರೆಗೆ. ರುದ್ರಪ್ಪನವರ ಭಾಷಣ ಆಗಷ್ಟೇ ಶುರುವಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಕಾಯುತ್ತಿದ್ದವು. ಟೀಚರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಎದ್ದು ಮೈಕಿನ ಹತ್ತಿರ ಹೋದರು.

"ಅಧ್ಯಕ್ಷರೇ, ಸೂರ್ಯ ಭಾಷಣಕ್ಕೆ ನಿಲ್ಲಲ್ಲ. ಶಾಮಿಯಾನ ಬಿಚ್ಚಾಣ, ಸನ್ಮಾನ ಬಿಸ್ಲಲ್ಲೇ ಆಗ್ಲಿ."

ರುದ್ರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪಂಚೆ ಎತ್ತಿಕಟ್ಟಿ ತಾವೇ ಹಗ್ಗಕ್ಕೆ ಕೈ ಹಾಕಿದರು. ಮೇಷ್ಟರುಗಳೂ ಓಡಿದರು. ಬಟ್ಟೆ ಕೆಳಗಿಳಿಯಿತು, ಬಿಸಿಲು ಸುರಿಯಿತು.

ಮಕ್ಕಳು ಬಿಸಿಯೂಟದ ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ಸುತ್ತ ಕುಳಿತರು. ನೆರಳು ತೆಳುವಾಯಿತು, ಅಂಚಿಗೆ ಅಂಟಿತು, ಹೋಯಿತು. ಲೋಟಗಳೆಲ್ಲ ಬರೀ ಹೊಳಪು. ಎಷ್ಟೋ ವರ್ಷ ಲೆಕ್ಕದಲ್ಲಿ ನೋಡಿದ್ದ ಸಂಗತಿಗೆ ನನ್ನ ಕಣ್ಣು ತುಂಬಿತು. ರುದ್ರಪ್ಪನವರು ತಮ್ಮ ಪಾದದ ಸುತ್ತ ನೆರಳು ಹುಡುಕುತ್ತಿದ್ದರು.

"ಹುಟ್ಟಿದಾಗಿಂದ ಈ ಊರಾಗೇ ಇದೀನಿ," ಎಂದರು, "ಒಂದಿನಾನೂ ನೋಡಿದ್ದಿಲ್ಲ. ಟೀಚರಮ್ಮ, ಮುಂದಿನ್ ವರ್ಷ ಶಾಮಿಯಾನ ಹಾಕ್ಸಲ್ಲ."

ನನಗೆ ತಂದಿದ್ದ ಶಾಲನ್ನು ಅವರು ಶಾಹಿದಾ ಟೀಚರ್ ಹೆಗಲಿಗೆ ಹೊದಿಸಿದರು. ನನ್ನ ಪಾಲಿಗೆ ಹಣ್ಣಿನ ಬುಟ್ಟಿ ಬಂತು. ಸಿದ್ಧಪಡಿಸಿಕೊಂಡಿದ್ದ ಉಪನ್ಯಾಸವನ್ನು ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಸಂಜೆ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಗೇಟಿನಲ್ಲಿ ನಿಂತು ಕೈಬೀಸುತ್ತಿದ್ದ ಮಕ್ಕಳ ನೆರಳು ಆಗಲೇ ರಸ್ತೆಯುದ್ದಕ್ಕೂ ಚಾಚಿತ್ತು. ಅವರ ನಡುವೆ ಟೀಚರ್, ಅಷ್ಟು ಸೆಕೆಯಲ್ಲೂ ಶಾಲು ಹೊದ್ದೇ ನಿಂತಿದ್ದರು.