ಮೊರದ ತುಂಬ ಜೇನುಹುಳ

ಅಕ್ಕಿ ಕೇರುವ ಮೊರದಲ್ಲಿ ನಾನೊಮ್ಮೆ ಸತ್ತ ಜೇನುಹುಳಗಳನ್ನು ತುಂಬಿಕೊಂಡು ಪಕ್ಕದ ಮನೆಗೆ ಹೋಗಿದ್ದೆ. ಆ ಮೊರವನ್ನು ಆಮೇಲೆ ಅಡುಗೆಮನೆಯೊಳಕ್ಕೆ ತರಲಿಲ್ಲ.

ಬುಕ್ಕಾಂಬುಧಿ ಕೆರೆಯ ಕೆಳಗೆ ನಮಗಿರುವ ಒಂದೆಕರೆಯಲ್ಲಿ ಸೇವಂತಿಗೆ ಬೆಳೆಯುತ್ತೇನೆ. ಹೂ ಬಿಡಿಸಿ ಕಡೂರಿನ ಬಸ್ಸಿಗೆ ಹಾಕುವುದು ಕಸುಬು. ಜೇನು ಮಾತ್ರ ನನ್ನ ಸ್ವಂತ ಹುಚ್ಚು. ಕೆಮ್ಮಣ್ಣುಗುಂಡಿ ದಾರಿಯ ಹಳ್ಳಿಯೊಂದರಿಂದ ಎರಡು ಪೆಟ್ಟಿಗೆ ತುಡುವೆ ಜೇನು ತಂದು, ಬದುವಿನ ಮೇಲೆ ಅವಕ್ಕೆಂದೇ ಹುಚ್ಚೆಳ್ಳು ಚೆಲ್ಲಿ, ನಾಲ್ಕು ವರ್ಷದಲ್ಲಿ ಆರು ಪೆಟ್ಟಿಗೆ ಮಾಡಿದ್ದೆ. ಬದುವಿನಾಚೆ ರುದ್ರೇಶನ ಸಿಹಿಗುಂಬಳದ ಹೊಲ. ಅವನು ನಮ್ಮ ಯಜಮಾನರ ದಾಯಾದಿ, ನನಗೆ ವರಸೆಯಲ್ಲಿ ಮೈದುನ. ನನ್ನ ಹುಳಗಳು ಬಂದ ಮೇಲೆ ಅವನ ಬಳ್ಳಿಗಳು ಹಿಂದೆಂದೂ ಇಲ್ಲದಷ್ಟು ಕಾಯಿ ಕಚ್ಚಿದ್ದವು. ಎಲ್ಲ ಗೊಬ್ಬರದ ಗುಣ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ತಿರುಗಲಿ ಎಂದು ನಾನೂ ಸುಮ್ಮನಿದ್ದೆ.

ನಾನೇನು ಔಷಧಿ ಮುಟ್ಟದ ಪುಣ್ಯವಂತೆಯಲ್ಲ. ಸೇವಂತಿಗೆಗೆ ನುಸಿ ಬಿದ್ದರೆ ನಾನೂ ಹೊಡೆಯುತ್ತೇನೆ, ಆದರೆ ಸಂಜೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ. ರುದ್ರೇಶನಿಗೂ ಇದನ್ನೇ ಹತ್ತು ಸಲ ಹೇಳಿದ್ದೆ. ಹತ್ತು ಸಲವೂ ತಲೆಯಾಡಿಸಿದ್ದ.

ಅವತ್ತು ಬೆಳಿಗ್ಗೆ ಹೂ ಬಿಡಿಸುತ್ತಿದ್ದಾಗ ಆಚೆಯಿಂದ ಔಷಧಿ ಮೆಷಿನ್ನಿನ ಸದ್ದು ಕೇಳಿತು. ಕುಂಬಳದ ಹೂ ಅರಳುವುದೇ ಬೆಳಿಗ್ಗೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಮಡಿಲಿನ ಹೂ ಚೆಲ್ಲಿ ಓಡಿದೆ.

"ಲೇ ರುದ್ರೇಶ, ನಿಲ್ಸೋ! ಹೂವಿನ ತುಂಬ ಹುಳ ಕೂತಾವೆ ಕಣೋ!"

"ಬಾಡಿಗೆ ಮೆಷಿನ್ನು ಅತ್ತಿಗೆ, ಸಾಯಂಕಾಲ ಸಿಗಲ್ಲ. ಇನ್ನೆರಡೇ ಕ್ಯಾನು," ಎಂದು ಅವನು ಆ ಎರಡನ್ನೂ ನನ್ನ ಕಣ್ಣೆದುರೇ ಹೊಡೆದು ಮುಗಿಸಿದ.

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳ ಬಾಯಲ್ಲಿ ಹುಳಗಳು ನಾಲಗೆ ಚಾಚಿಕೊಂಡು ಬುಗುರಿಯಂತೆ ಸುತ್ತಿ ಸುತ್ತಿ ಬೀಳತೊಡಗಿದವು. ಕೆಲವು ಕಾಲಿಗೆ ಅಂಟಿದ ಹಳದಿ ಪರಾಗವನ್ನು ಬಿಡದೆ ತೆವಳುತ್ತಿದ್ದವು. ಮರುದಿನ ಗುಡಿಸಿ ಮೊರಕ್ಕೆ ತುಂಬಿದೆ. "ಹೋಗ್ಲಿ ಬಿಡೇ, ಹುಳ ತಾನೇ," ಎಂದರು ಯಜಮಾನರು. ಕಾಯಿ ಕೊರೆಯುವುದಕ್ಕೂ ಹುಳ ಅನ್ನುತ್ತೇವೆ, ಕಾಯಿ ಕಟ್ಟಿಸುವುದಕ್ಕೂ ಹುಳ ಅನ್ನುತ್ತೇವೆ. ಕೊಲ್ಲುವ ವಿಷಕ್ಕೆ ಮಾತ್ರ ಔಷಧಿ! ಹೆಸರಿಡುವಾಗಲೇ ಇಷ್ಟು ಸೋಮಾರಿಗಳಾದ ನಾವು ಹೊಡೆಯುವಾಗ ಯೋಚಿಸುತ್ತೇವೆಯೇ, ನೀವೇ ಹೇಳಿ.

ಪಕ್ಕದ ಮನೆಗೆ ಹೋದಾಗ ರುದ್ರೇಶ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಮೊರವನ್ನು ಅವನ ಮುಂದಿಟ್ಟೆ.

"ನನ್ನ ಹೊಲಕ್ಕೆ ನಾನು ಹೊಡ್ಕೊಂಡೆ. ನಿಮ್ಮ ಹುಳಕ್ಕೆ ನೀವು ಬೇಲಿ ಹಾಕ್ಕಳಿ ಅತ್ತಿಗೆ," ಎಂದ.

ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿಕೊಂಡು ಹಾರುವ ಜೇನು ಎಲ್ಲಾದರೂ ಉಂಟೆ? ಮೊರ ಎತ್ತಿಕೊಂಡು ಮನೆಗೆ ಬಂದೆ. ಆರರಲ್ಲಿ ಐದು ಪೆಟ್ಟಿಗೆ ಸತ್ತವು. ಉಳಿದೊಂದು ಎಂಟು ದಿನಕ್ಕೆ ಗೂಡು ಬಿಟ್ಟು ಹಾರಿಹೋಯಿತು. ಅಷ್ಟು ವರ್ಷ ಬೆಳಗಿನ ಜೊತೆಗಿದ್ದ ಗುಂಯ್‌ ಸದ್ದು ನಿಂತ ಮೇಲೆ ನನ್ನದೇ ತೋಟಕ್ಕೆ ಕಾಲಿಡಲು ಕಸಿವಿಸಿಯಾಗುತ್ತಿತ್ತು.

ಹದಿನೈದು ದಿನ ಕಳೆಯುವುದರೊಳಗೆ ಅವನ ಬಳ್ಳಿಯ ಮಿಡಿಗಳು ಹಳದಿಯಾಗಿ ಉದುರತೊಡಗಿದವು. ರೋಗವೆಂದು ತಿಳಿದು ಮತ್ತೊಂದು ಔಷಧಿ ತಂದು ಹೊಡೆದ, ಇನ್ನಷ್ಟು ಉದುರಿದವು. ಕೊನೆಗೆ ಯಾರೋ ಮೊಬೈಲಿನಲ್ಲಿ ತೋರಿಸಿದರೆಂದು ಗಂಡ ಹೆಂಡತಿ ಇಬ್ಬರೂ ಬೆಳಕು ಹರಿಯುತ್ತಲೇ ಹೊಲಕ್ಕಿಳಿದು, ಒಂದು ಹೂ ಕಿತ್ತು ಇನ್ನೊಂದಕ್ಕೆ ತೀಡುತ್ತ ಸಾಲುಸಾಲು ಬಗ್ಗಿ ನಡೆದರು. ಜೇನುಹುಳ ಪುಕ್ಕಟೆ ಮಾಡುತ್ತಿದ್ದ ಕೆಲಸ! ಬದುವಿನ ಮೇಲೆ ನಿಂತು ನೋಡಿದೆ. ಅವನ ಬಗ್ಗಿದ ಬೆನ್ನು ಕಂಡು ನನಗೆ ಸಂತೋಷವಾಯಿತು. ಹಾಗೆ ಬರೆಯಲು ನಾಚಿಕೆಯೂ ಇಲ್ಲ.

ಆದರೆ ಅವನು ಕೀಳುತ್ತಿದ್ದುದು ಹೆಣ್ಣು ಹೂ. ಮೂರು ದಿನ ಬಾಯಿ ಬಿಗಿಹಿಡಿದವಳಿಗೆ ನಾಲ್ಕನೆಯ ದಿನ ಆಗಲಿಲ್ಲ.

"ಹೆಣ್ಣು ಹೂವನ್ನೇ ಕೀಳ್ತಿದ್ದೀಯಲ್ಲೋ ದಡ್ಡ! ಬುಡದಲ್ಲಿ ಪುಟ್ಟ ಕಾಯಿ ಇರೋದು ಹೆಣ್ಣು. ಅದನ್ನ ಬಿಡು, ಗಂಡು ಕೀಳು!"

ಇಳಿದು ಹೋಗಿ, ಗಂಡು ಹೂವಿನ ಎಸಳು ಸುಲಿದು ತೀಡಿ ತೋರಿಸಿದೆ, ಬಯ್ಯುತ್ತಲೇ. ಅವನು ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಮತ್ತೆ ಪೆಟ್ಟಿಗೆ ಇಡ್ತೀರಾ ಅತ್ತಿಗೆ?"

"ಇಡ್ತೀನಿ, ನಿನಗೋಸ್ಕರ ಅಲ್ಲ. ಇನ್ನೊಂದ್ ಸಲ ಬೆಳಿಗ್ಗೆ ಹೊತ್ತು ಮೆಷಿನ್ ಸದ್ದು ಕೇಳ್ತೋ, ತುಂಬಿದ ಪೆಟ್ಟಿಗೆ ತಂದು ನಿನ್ನ ಮನೆ ನಡುವೆ ಮುಚ್ಚಳ ತೆಗೀತೀನಿ."

ಅವನು ನಕ್ಕ. ನಾನು ನಗಲಿಲ್ಲ.

ಈಗ ನನ್ನಲ್ಲಿ ಎರಡು ಪೆಟ್ಟಿಗೆಗಳಿವೆ. ಔಷಧಿ ಹೊಡೆಯುವ ಹಿಂದಿನ ದಿನವೇ ರುದ್ರೇಶ ಬಂದು ಹೇಳಿ, ಹೊತ್ತು ಮುಳುಗಿದ ಮೇಲೆಯೇ ಹೊಡೆಯುತ್ತಾನೆ. ತಪ್ಪಾಯ್ತು ಎಂದು ಮಾತ್ರ ಇವತ್ತಿಗೂ ಅಂದಿಲ್ಲ. ಎಷ್ಟು ದಿನ ಸಿಟ್ಟು ಇಟ್ಟುಕೊಳ್ತೀಯೇ ಎಂದು ಯಜಮಾನರು ಕೇಳುತ್ತಾರೆ. ಇರಲಿ ಬಿಡಿ ಎನ್ನುತ್ತೇನೆ. ನನ್ನ ಸಿಟ್ಟು ಇರುವವರೆಗೆ ಅವನು ಸಂಜೆಯವರೆಗೆ ಕಾಯುತ್ತಾನೆ.